ಅರ್ಧ ಪರದೆಯಲ್ಲಿ ಅಕ್ಕ

ನನ್ನ ಫೋನಿಗೆ ಈಗ ಏಳು ವರ್ಷ. ಫೋನುಗಳ ಆಯುಷ್ಯ ಹಿಡಿದು ಹೇಳುವುದಾದರೆ ಅದು ನನಗಿಂತ ಹಿರಿಯ. ಮೂಲೆಯಲ್ಲಿ ಗಾಜು ಒಡೆದಿದೆ, ಮಧ್ಯಾಹ್ನವಾದರೆ ಮೈ ಬಿಸಿಯಾಗುತ್ತದೆ, ಕರೆದರೆ ಸ್ವಲ್ಪ ಯೋಚನೆ ಮಾಡಿ ಓಗೊಡುತ್ತದೆ. ಹೊಸದು ಕೊಳ್ಳಿ ಎಂದು ಮನೆಯವರೆಲ್ಲ ಹೇಳಿ ಸೋತಿದ್ದಾರೆ. ನಾನು ಅದನ್ನು ಬಿಡದಿರಲು ಒಂದು ಕಾರಣವಿತ್ತು. ಅದರ ಚೌಕದ ಗುಂಡಿಯನ್ನು ಒತ್ತಿ ಹಿಡಿದರೆ ಪರದೆ ಎರಡು ಭಾಗವಾಗುತ್ತದೆ. ಮೇಲೊಂದು, ಕೆಳಗೊಂದು, ನಡುವೆ ಕಪ್ಪು ಗೆರೆ. ಇಷ್ಟು ಮುದಿಯಾದರೂ ಎರಡು ಕೆಲಸ ಒಟ್ಟಿಗೆ ಮಾಡುತ್ತದಲ್ಲ ಎಂದು ನಾನು ಕಂಡವರಿಗೆಲ್ಲ ತೋರಿಸಿದ್ದೆ. ಆ ಹೆಮ್ಮೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ನಾಚಿಕೆಯ ಸಂಗತಿಯನ್ನೇ ನಿಮಗೆ ಹೇಳಬೇಕಾಗಿದೆ.

ಮಹಾರಾಷ್ಟ್ರದ ಗಡಿಯ ಇಚಲಕರಂಜಿಯಲ್ಲಿ ನಮ್ಮದು ಎಂಟು ಮಗ್ಗಗಳ ಸಣ್ಣ ಕಾರ್ಖಾನೆ. ಮನೆ ಮುಂದೆ, ಮಗ್ಗಗಳು ಹಿಂದೆ. ನಲವತ್ತು ವರ್ಷ ಆ ಸದ್ದಿನೊಳಗೇ ಬದುಕಿದವನಿಗೆ ಅದು ಸದ್ದು ಅನ್ನಿಸುವುದೇ ಇಲ್ಲ. ಎಂಟರಲ್ಲಿ ಒಂದು ನಿಂತರೆ ಮಾತ್ರ ಕಿವಿಗೆ ಬೀಳುತ್ತದೆ. ಊಟಕ್ಕೆ ಕೂತವನು ತುತ್ತು ಎತ್ತುವ ಮೊದಲೇ ಮೂರನೆಯದು ನಿಂತಿತು ಅನ್ನುತ್ತೇನೆ. ಹೋಗಿ ನೋಡಿದರೆ ಮೂರನೆಯ ಮಗ್ಗದಲ್ಲೇ ನೂಲು ಹರಿದಿರುತ್ತದೆ. ನನ್ನ ಹೆಂಡತಿ ಇದನ್ನು ನೆಂಟರ ಮುಂದೆ ಅಭಿಮಾನದಿಂದ ಹೇಳುತ್ತಾಳೆ, ನಾನು ತಲೆ ತಗ್ಗಿಸಿಕೊಂಡು ಒಳಗೊಳಗೇ ಸುಖಪಡುತ್ತೇನೆ. ಮೊಣಕಾಲು ಕೈಕೊಟ್ಟ ಮೇಲೆ ಒಳಗೆ ಓಡಾಡುವುದು ಕಡಿಮೆಯಾಯಿತು. ಬಟ್ಟೆಯಲ್ಲಿ ದೋಷ ಕಂಡರೆ ಕೆಲಸದವರು ಫೋಟೊ ತೆಗೆದು ಫೋನಿಗೆ ಕಳಿಸುತ್ತಾರೆ. ನಾನು ಕೂತಲ್ಲಿಂದಲೇ ಮರಾಠಿಯಲ್ಲಿ ಉತ್ತರ ಬರೆಯುತ್ತೇನೆ.

ಅಕ್ಕ ಇರುವುದು ಗಡಹಿಂಗ್ಲಜದಲ್ಲಿ, ಮಗಳು ಸುಜಾತಾಳ ಮನೆಯಲ್ಲಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಾವು ಹುಟ್ಟಿದ್ದು ಅಕಿವಾಟದಲ್ಲಿ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಆಮೇಲೆ ನನಗೆ ಉಣಿಸಿದವಳು, ಎಣ್ಣೆ ಹಚ್ಚಿ ಎರೆದವಳು, ಸುಳ್ಳು ಹೇಳಿದಾಗ ಕಿವಿ ಹಿಂಡಿದವಳು ಅವಳೇ. ದಿನಾ ಮೂರು ಗಂಟೆಗೆ ಅವಳ ವಿಡಿಯೊ ಕರೆ ಬರುತ್ತಿತ್ತು. ನಾಲ್ಕಕ್ಕೆ ಮುಗಿದರೆ, ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಉಣ್ಣಬೇಕಾದ ಅವಳಿಗೂ ಅನುಕೂಲ.

ಕಳೆದ ಚಳಿಗಾಲದಲ್ಲಿ ಈ ಕರೆಗಳು ಉದ್ದವಾದವು. ಎಲ್ಲ ಹಳೆಯ ಮಾತು. ಅಕಿವಾಟದ ಮನೆಯ ಒಲೆ ಯಾವ ದಿಕ್ಕಿಗಿತ್ತು, ಅವ್ವ ಸಿಟ್ಟು ಬಂದಾಗ ನನ್ನನ್ನು ಏನೆಂದು ಕರೆಯುತ್ತಿದ್ದಳು, ಅವಳ ಇಳಕಲ್ ಸೀರೆ ಕಡೆಗೆ ಯಾರಿಗೆ ಹೋಯಿತು. ಅಕ್ಕನ ದನಿ ಸ್ವಲ್ಪ ಒಡೆದಿತ್ತು. ಮೆಣಸಿನ ಕಷಾಯ ಕುಡಿ ಎಂದು ಹೇಳಿ ನನ್ನ ಕರ್ತವ್ಯ ಮುಗಿಸಿದೆ. ವಯಸ್ಸಾದವರಿಗೆ ಮಾತು ಹೆಚ್ಚು ಎಂದು ಅರವತ್ತೆರಡರ ನಾನು ತೀರ್ಪು ಕೊಟ್ಟು, ಚೌಕದ ಗುಂಡಿ ಒತ್ತಿದೆ. ಮೇಲಿನ ಅರ್ಧದಲ್ಲಿ ಅಕ್ಕ, ಕೆಳಗಿನ ಅರ್ಧದಲ್ಲಿ ಮಗ್ಗ.

ಇದರಲ್ಲಿ ತಪ್ಪೇನು ಎಂದು ನನಗೆ ನಾನೇ ವಾದಿಸಿಕೊಂಡದ್ದೂ ಉಂಟು. ನಮ್ಮ ಸೀಮೆಯವರು ಹುಟ್ಟಾ ಎರಡು ಪರದೆಯವರಲ್ಲವೆ? ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಅಕ್ಕನಿಗೆ ಹೂಂ ಅನ್ನುತ್ತ, ಮಗ್ಗ ರಿಪೇರಿ ಮಾಡುವ ಜಾಬರನಿಗೆ ಮರಾಠಿಯಲ್ಲಿ ಬರೆಯುವುದು ನನಗೇನು ಕಷ್ಟ? ಒಬ್ಬ ನೇಕಾರ ನಾಲ್ಕು ಮಗ್ಗ ನೋಡಿಕೊಳ್ಳುವುದಿಲ್ಲವೆ? ನೋಡಿಕೊಳ್ಳುತ್ತಾನೆ, ನಿಜ. ಆದರೆ ನಿಂತ ಮಗ್ಗದ ಕಡೆಗೇ ಅವನು ಓಡುತ್ತಾನೆ. ವಾದದ ಈ ಭಾಗವನ್ನು ನಾನು ಜಾಣತನದಿಂದ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ಅಕ್ಕ, ನಾನು ಹುಟ್ಟಿದ ದಿನದ ಕತೆ ತೆಗೆದಳು. ಅದೇ ಹೊತ್ತಿಗೆ ಕೆಳಗೆ ಆರನೆಯ ಮಗ್ಗದ ಬಟ್ಟೆಯ ಫೋಟೊ ಬಂತು. ಮುಟ್ಟಿ ದೊಡ್ಡದು ಮಾಡಿ ನೋಡಿದೆ, ಉತ್ತರ ಬರೆದೆ. ಮತ್ತೆ ಮೇಲೆ ನೋಡಿದಾಗ ಅಕ್ಕ ಬೆಳ್ಳುಳ್ಳಿ ಇಲ್ಲದ ಸಾರಿನ ಬಗ್ಗೆ ಏನೋ ಹೇಳುತ್ತಿದ್ದಳು. ಕತೆ ಮುಗಿಯಿತೆಂದು ತಿಳಿದೆ.

ವಾರದ ಮೇಲೆ ಸುಜಾತಾ ಕರೆ ಮಾಡಿದಳು. "ಮಾಮಾ, ಅವ್ವನ ಗಂಟಲ ಆಪರೇಶನ್ ನಾಡದ ಕೊಲ್ಹಾಪುರದಾಗ ಐತ್ರಿ. ನಿಮಗ ಹೇಳೇನಿ ಅಂದಾಳ. ನೀವು ಯಾವಾಗ ಬರತೀರಿ?" ಗಂಟಲಲ್ಲಿ ಗಂಟು ಇತ್ತು, ತೆಗೆಯದಿದ್ದರೆ ಜೀವಕ್ಕೆ ಅಪಾಯ, ತೆಗೆದರೆ ದನಿ ಉಳಿಯುವ ಭರವಸೆಯಿಲ್ಲ. ಇದು ಎರಡು ತಿಂಗಳ ಹಿಂದೆಯೇ ಅಕ್ಕನಿಗೆ ಗೊತ್ತಾಗಿತ್ತು. ಎರಡು ತಿಂಗಳು, ಅಂದರೆ ಮಾತು ಉದ್ದವಾದಾಗಿನಿಂದ. ಅವ್ವನ ಬಗ್ಗೆ ಗೊತ್ತಿದ್ದವಳು ಇನ್ನು ಅವಳೊಬ್ಬಳೇ. ದನಿ ಇರುವಷ್ಟರಲ್ಲಿ ಅದನ್ನೆಲ್ಲ ನನಗೆ ಒಪ್ಪಿಸುತ್ತಿದ್ದಳು. ನಾನು ಅರ್ಧ ಪರದೆ ಕೊಟ್ಟಿದ್ದೆ.

ಆಸ್ಪತ್ರೆಯ ಮಂಚದ ಪಕ್ಕ ಕೂತೆ. ಅಕ್ಕನ ದನಿ ಆಗಲೇ ಬರೀ ಉಸಿರಾಗಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ಮಾತಾಡತಾಡತ ನಿನ್ನ ಮಾರಿ ಫೋಟೊದಾಗಿನಂಗ ನಿಂತಬಿಡತಿತ್ತು ತಮ್ಮಾ. ಕೆಲಸದಾಗ ಅದಾನ ಅಂತ ನಾನೂ ಸುಮ್ಮನಾಗತಿದ್ನಿ. ಒಂಬತ್ತ ಸಲ ಣಮೋಕಾರ ಮಂತ್ರ ಅನ್ನೂದ್ರಾಗ ತಿರುಗಿ ಬರತಿದ್ದಿ. ಒಮ್ಮೊಮ್ಮೆ ಹದಿನೆಂಟ ಆಗತಿದ್ದವು."

ನನ್ನ ಹಳೆಯ ಫೋನಿನ ಗುಟ್ಟು ನನಗೆ ಗೊತ್ತಾದದ್ದು ಆಗ. ಅದು ಎರಡು ಕೆಲಸವನ್ನು ಒಟ್ಟಿಗೆ ಮಾಡುವುದಿಲ್ಲ. ಒಂದು ಅರ್ಧವನ್ನು ಮುಟ್ಟಿದರೆ ಇನ್ನೊಂದರ ಚಿತ್ರವನ್ನು ಮಲಗಿಸುತ್ತದೆ, ದನಿ ಮಾತ್ರ ಹೋಗುತ್ತಿರುತ್ತದೆ. ನಾನು ಕೆಳಗೆ ಮುಟ್ಟಿದಾಗಲೆಲ್ಲ ಅಕ್ಕನ ಫೋನಿನಲ್ಲಿ ನನ್ನ ಮುಖ ನಿಂತುಹೋಗುತ್ತಿತ್ತು. ಬಾಯಿ ಮುಚ್ಚಿದ ಆ ಮುಖದಿಂದ ನಡುನಡುವೆ ಹೂಂ ಎಂಬ ದನಿ ಮಾತ್ರ ಬರುತ್ತಿತ್ತು. ಎಂಟು ಮಗ್ಗಗಳಲ್ಲಿ ಒಂದು ನಿಂತರೆ ಗುರುತಿಸುವ ಕಿವಿಗೆ ಒಬ್ಬಳೇ ಅಕ್ಕ ಸುಮ್ಮನಾದದ್ದು ಕೇಳಿಸಿರಲಿಲ್ಲ.

"ಆಪರೇಶನ್ನಿಂದು ಹೇಳೇನಲ್ಲೊ," ಎಂದಳು. "ಅಲ್ಲಾಡೂ ಮಾರಿ ನೋಡಕೋಂತ ಹೇಳಾಕ ಧೈರ್ಯ ಆಗಲಿಲ್ಲ. ಒಮ್ಮೆ ನಿಂತಾಗ ಹೇಳಿದ್ನಿ. ನೀ ಹೂಂ ಅಂದಿ."

ನಾನು ಅತ್ತೆ. ಅದನ್ನು ಅಲಂಕರಿಸಿ ಹೇಳುವ ಇಚ್ಛೆ ನನಗಿಲ್ಲ. ಹುಟ್ಟಿದ ದಿನದ ಕತೆ ಕೇಳಬೇಕೆನ್ನುವಷ್ಟರಲ್ಲಿ ನರ್ಸ್ ಬಂದು ಇನ್ನು ಮಾತು ಸಾಕು ಎಂದಳು.

ಜೀವ ಉಳಿಯಿತು, ದನಿ ಉಳಿಯಲಿಲ್ಲ.

ನಮ್ಮ ಜೈನರ ಮನೆಗಳಲ್ಲಿ ಕಾಯೋತ್ಸರ್ಗ ಎಂಬುದೊಂದಿದೆ. ಮೈಯ ಗೊಡವೆ ಬಿಟ್ಟು ಅಲ್ಲಾಡದೆ ನಿಂತು, ಇಪ್ಪತ್ತೇಳು ಉಸಿರಿನಲ್ಲಿ ಒಂಬತ್ತು ಸಲ ಣಮೋಕಾರ ಮಂತ್ರ ಹೇಳುವುದು. ಬಸದಿಯಲ್ಲಿ ನಾನು ಅದನ್ನು ಎಷ್ಟೋ ಸಲ ಮಾಡಿದ್ದೇನೆ, ಬಹುಪಾಲು ಹೊರಗೆ ಬಿಟ್ಟ ಚಪ್ಪಲಿಯನ್ನು ನೆನೆಯುತ್ತ. ಅಕ್ಕ ಮಾತ್ರ ನಿಂತುಹೋದ ನನ್ನ ಮುಖದ ಮುಂದೆ ಅದನ್ನು ಸರಿಯಾಗಿ ಮಾಡುತ್ತಿದ್ದಳು. ಮುನಿಸಿಕೊಂಡು ಫೋನು ಇಡಬಹುದಾಗಿತ್ತು. ಅವಳು ಕಾದಳು.

ಈಗಲೂ ಮೂರು ಗಂಟೆಗೆ ಕರೆ ಬರುತ್ತದೆ. ಅಕ್ಕನ ಕೈಯಲ್ಲಿ ಮೊಮ್ಮಗಳ ಪಾಟಿ ಮತ್ತು ಬಳಪ. ನಾನು ಪೂರ್ತಿ ಪರದೆ ತೆರೆದು ಕೂಡುತ್ತೇನೆ. ಮೊದಮೊದಲು ಔಷಧ, ಊಟ, ನಿದ್ದೆ, ಇಷ್ಟನ್ನೇ ಬರೆದು ತೋರಿಸುತ್ತಿದ್ದಳು. ಹೆಚ್ಚು ಕೇಳುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಮೊನ್ನೆ ರೇಂಜ್ ಹೋಗಿ ಅವಳ ಮುಖವೇ ನಿಂತಿತು. ಕೈ ರೂಢಿಯಂತೆ ಚೌಕದ ಗುಂಡಿಯ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು, ಆ ನಿಂತ ಮುಖವನ್ನೇ ನೋಡುತ್ತ ಣಮೋಕಾರ ಹೇಳತೊಡಗಿದೆ. ಆರನೆಯದು ಮುಗಿಯುವಾಗ ಅಕ್ಕ ಅಲ್ಲಾಡಿದಳು. ನನ್ನ ತುಟಿಗಳನ್ನು ನೋಡಿರಬೇಕು. ಪಾಟಿಯ ಮೇಲೆ ಬರೆದು ತೋರಿಸಿದಳು: "ಎಷ್ಟ ಆದವು?"

ಆರು ಬೆರಳು ತೋರಿಸಿದೆ. ಅಕ್ಕ ಸದ್ದಿಲ್ಲದೆ ನಕ್ಕು, ಅಂಗೈಯಿಂದ ಒರೆಸಿ ಮತ್ತೆ ಬರೆದಳು: "ಇನ್ನ ಮೂರ."

ಕಣ್ಣು ಮುಚ್ಚಿ ಮೂರನ್ನೂ ಮುಗಿಸಿದೆ. ತೆರೆದಾಗ ಪಾಟಿ ಪರದೆಯ ತುಂಬ ಇತ್ತು. "ನೀ ಹುಟ್ಟಿದ ದಿವಸ ಅವ್ವ" ಎಂದು ಬರೆದಿತ್ತು. ಹಿಂದೆ ಎಲ್ಲೋ ಮೂರನೆಯ ಮಗ್ಗ ನಿಂತದ್ದು ಕೇಳಿಸಿತು. ಪಾಟಿ ಸಣ್ಣದು, ಅಕ್ಕನ ಅಕ್ಷರ ದೊಡ್ಡದು, ಒಂದು ಸಲಕ್ಕೆ ನಾಲ್ಕೇ ಶಬ್ದ ಹಿಡಿಸುತ್ತವೆ. ಅವಳು ಒರೆಸಿ ಮುಂದಿನದು ಬರೆಯುವ ತನಕ ನಾನು ಕೂತಿದ್ದೆ.