ನಾಗನ ತಲೆಗೆ ಕಟ್ಟಿದ ತುರಿಕೆ

ನನ್ನ ಹೆಂಡತಿ ವಾರಿಜಳಿಗೆ ಆ ತುರಿಕೆಯನ್ನು ಹತ್ತಿಸಿದವನು ನಾನು. ಅದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅವಳನ್ನು ಡಾಕ್ಟರರ ಹತ್ತಿರ, ನಾಟಿ ವೈದ್ಯರ ಹತ್ತಿರ, ಕೊನೆಗೆ ಕವಡೆ ಇಟ್ಟು ಪ್ರಶ್ನೆ ನೋಡುವವರ ಹತ್ತಿರ ಕರೆದುಕೊಂಡು ತಿರುಗಿದೆ — ನಾನೂ ಕಾರಣ ಹುಡುಕುತ್ತಿರುವವನ ಹಾಗೆ. ಹೆಂಡತಿಯನ್ನು ಇಷ್ಟು ನೋಡಿಕೊಳ್ಳುವ ಗಂಡ ಸಿಗುವುದು ಕಷ್ಟ ಎಂದು ನೆರೆಕರೆಯವರು ಹೇಳುತ್ತಿದ್ದರು. ನಾನು ಬೇಡ ಎನ್ನಲಿಲ್ಲ.

ಆಲಂಕಾರಿನಲ್ಲಿ ನನ್ನದು ಶಾಮಿಯಾನದ ಅಂಗಡಿ. ಕುರ್ಚಿ, ಮೇಜು, ಅನ್ನ ಬೇಯಿಸುವ ದೊಡ್ಡ ಕೊಪ್ಪರಿಗೆ, ನೆಲಕ್ಕೆ ಹಾಸುವ ಜಮಖಾನ — ಮದುವೆಯಿಂದ ಸತ್ತವರ ಬೊಜ್ಜದವರೆಗೆ ಎಲ್ಲದಕ್ಕೂ ನಮ್ಮದೇ ಸಾಮಾನು. ಸೀಸನ್ ಶುರುವಾದರೆ ನಾನೂ ಕೆಲಸದವರೂ ಕಾರ್ಯಕ್ರಮದ ಮನೆಯಲ್ಲೇ ಮಲಗುವುದು. ಸಾಮಾನು ಕಾದ ಹಾಗೂ ಆಯಿತು, ಬೆಳಿಗ್ಗೆ ಬೇಗ ಬಿಚ್ಚಿದ ಹಾಗೂ ಆಯಿತು. ಹಾಸಿಕೊಳ್ಳಲು ಅದೇ ಜಮಖಾನ, ಹೊದೆಯಲು ಯಾರದೋ ಬೆಡ್‌ಶೀಟು. ಆ ವರ್ಷ ನಮ್ಮಲ್ಲಿ ಒಬ್ಬನಿಗೆ ಶುರುವಾದದ್ದು ಎಲ್ಲರಿಗೂ ಹತ್ತಿತು. ಬೆರಳ ಸಂದು, ಮಣಿಕಟ್ಟು, ಸೊಂಟ — ರಾತ್ರಿಯಾದರೆ ಕೆರೆದುಕೊಳ್ಳುವುದೇ ಕೆಲಸ.

ಪುತ್ತೂರಿನಲ್ಲಿ ಒಬ್ಬ ಚರ್ಮದ ಡಾಕ್ಟರರಿಗೆ ತೋರಿಸಿದೆ. ಅವರು ಬೆರಳು ಬಿಡಿಸಿ ನೋಡಿ ಒಂದೇ ಮಾತಿಗೆ ಹೇಳಿದರು.

“ಇದು ಕಜ್ಜಿ ಮಾರಾಯ್ರೆ. ಹೆದರುವಂತದ್ದು ಎಂತ ಇಲ್ಲ. ಆದ್ರೆ ಮನೆಯವರೆಲ್ಲ ಒಟ್ಟಿಗೆ ಮುಲಾಮು ಹಚ್ಚಬೇಕು, ಬಟ್ಟೆ ಎಲ್ಲ ಬಿಸಿನೀರಿಗೆ ಹಾಕ್ಬೇಕು. ನೀವೊಬ್ರೇ ಹಚ್ಚಿದ್ರೆ ಪ್ರಯೋಜನ ಇಲ್ಲ.”

ನಾನು ಒಬ್ಬನಿಗಾಗುವಷ್ಟೇ ಮುಲಾಮು ತೆಗೆದುಕೊಂಡೆ. ಕಜ್ಜಿ ಎನ್ನುವ ಶಬ್ದವೇ ನನ್ನನ್ನು ಕಂಗೆಡಿಸಿತ್ತು. ಶಾಮಿಯಾನದವನಿಗೆ ಕಜ್ಜಿ ಎಂದು ಒಂದು ಬಾಯಿಗೆ ಬಿದ್ದರೆ ಸಾಕು, ನಮ್ಮ ಜಮಖಾನದ ಮೇಲೆ ಯಾರು ಕೂತಾರು? ಮದುವೆಯಾಗಿ ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ — ವಾರಿಜಳೆದುರು ಆ ಶಬ್ದ ಹೇಳುವುದು ಹೇಗೆ ಎಂದೂ ನಾಚಿಕೆ. ಗೋದಾಮಿನ ಹಿಂದೆ ನಿಂತು ಕಳ್ಳನ ಹಾಗೆ ಹಚ್ಚಿಕೊಂಡೆ. ಕೆಲಸದವರಿಗೂ ತಂದುಕೊಟ್ಟು, ಬಾಯಿ ಬಿಡಬಾರದೆಂದು ಹೇಳಿದೆ. ಕೆಲಸದವರಿಗೆ ಕೊಟ್ಟೆ — ಅವಳಿಗೆ ಕೊಡಲಿಲ್ಲ.

ಕೆಲವೇ ವಾರಗಳಲ್ಲಿ ವಾರಿಜ ಕೈ ಕೆರೆಯತೊಡಗಿದಳು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಅವಳಿಂದ ನನಗೆ ತಿರುಗಿ ಬಂದೀತೆಂದು ನಾನು ಸೀಸನ್ನಿನ ನೆಪ ಹೇಳಿ ಗೋದಾಮಿನಲ್ಲೇ ಮಲಗತೊಡಗಿದೆ. ನನ್ನ ಮೈ ತುರಿಸಿದ ಹಾಗೆ ಸ್ವಲ್ಪ ಅನುಮಾನ ಬಂದರೂ ಮತ್ತೆ ಗುಟ್ಟಾಗಿ ಮುಲಾಮು. ಅವಳು ಒಬ್ಬಳೇ ಮನೆಯಲ್ಲಿ ಕೆರೆದುಕೊಳ್ಳುತ್ತಾ ರಾತ್ರಿ ಕಳೆಯುತ್ತಿದ್ದಳು. ಎಂಥಾ ಮನುಷ್ಯ ನಾನು — ಇದನ್ನು ಬರೆಯುವಾಗ ನನಗೇ ಹೇಸಿಗೆಯಾಗುತ್ತದೆ.

ನಾಟಿ ವೈದ್ಯರು ನಂಜು ಎಂದರು. ಮೀನು ಬಿಡಿಸಿದರು, ಬದನೆ ಬಿಡಿಸಿದರು, ಹಲಸು ಬಿಡಿಸಿದರು. ಬಂಗುಡೆ ಮೀನಿನ ಸಾರಿಲ್ಲದೆ ಊಟ ಸೇರದವಳು ಗಂಜಿ, ಉಪ್ಪಿನಲ್ಲಿ ದಿನ ಕಳೆದಳು. ಕಡಿಮೆಯಾಗಲಿಲ್ಲ. ನಂತರ ಸುಳ್ಯದ ಒಬ್ಬ ಡಾಕ್ಟರರ ಹತ್ತಿರ ಹೋದೆವು. ಅವರು ನಿಧಾನಸ್ಥರು, ಎಲ್ಲ ಕೇಳಿದರು, ಆಮೇಲೆ ತಲೆ ಎತ್ತಿ —

“ಮನೆಯಲ್ಲಿ ಬೇರೆ ಯಾರಿಗಾದ್ರೂ ತುರಿಕೆ ಉಂಟಾ? ಮೊದ್ಲು ಇತ್ತಾ?”

ವಾರಿಜ ನನ್ನ ಮುಖ ನೋಡಿದಳು. ಸಂಶಯದಿಂದಲ್ಲ. ಮನೆಯ ವಿಷಯಕ್ಕೆ ಉತ್ತರ ಹೇಳಬೇಕಾದವನು ನಾನು ಎಂದು, ಅಷ್ಟೇ.

“ಇಲ್ಲ ಡಾಕ್ಟ್ರೆ,” ಎಂದೆ.

ಅವರು ಅಲರ್ಜಿ ಎಂದು ಬರೆದುಕೊಟ್ಟರು. ನಾನು ಹೇಳಿದ ಸುಳ್ಳಿಗೆ ಸರಿಯಾದ ಮದ್ದನ್ನೇ ಅವರು ಕೊಟ್ಟರು, ತಪ್ಪು ಅವರದಲ್ಲ. ಸ್ವಲ್ಪ ದಿನ ತಗ್ಗಿದ ಹಾಗೆ ಕಂಡು ಮತ್ತೆ ಮೈಯೆಲ್ಲ ಎದ್ದಿತು. ಅವಳು ರವಿಕೆಯ ತೋಳು ಉದ್ದ ಹೊಲಿಸಿಕೊಂಡಳು, ಮದುವೆ ಮುಂಜಿಗೆ ಹೋಗುವುದು ನಿಲ್ಲಿಸಿದಳು.

ಅಷ್ಟರಲ್ಲಿ ಅವಳ ಅಣ್ಣ, ನನ್ನ ಭಾವ ಪದ್ಮನಾಭ, ತಂಗಿಯ ಸ್ಥಿತಿ ನೋಡಲಾರದೆ ಪ್ರಶ್ನೆ ಇಡಿಸಿದರು. ಅವರ ಮನೆ ಇಚಿಲಂಪಾಡಿಯಲ್ಲಿ. ನಮ್ಮ ಕಡೆ ಚರ್ಮಕ್ಕೆ ಏನೇ ಬಂದು ಗುಣವಾಗದಿದ್ದರೂ ಮನಸ್ಸು ಮೊದಲು ಹೋಗುವುದು ನಾಗನ ಕಡೆಗೆ. ಜೋಯಿಸರು ಕವಡೆ ಸರಿಸಿ, ಹೆಣ್ಣಿನ ತವರಿನ ಕಡೆಯಲ್ಲಿ ನಾಗನಿಗೆ ಏನೋ ಅಪಚಾರವಾದ ಹಾಗೆ ಕಾಣುತ್ತದೆ ಎಂದರು. ಭಾವ ಕೂತಲ್ಲೇ ಬೆವತುಹೋದರು.

“ಹೌದು, ನಾನೇ,” ಎಂದರು. “ರಬ್ಬರ್ ನೆಡ್ಲಿಕ್ಕೆ ಅಂತ ನಾಗಬನದ ಬದಿಯ ಕಾಡು ಕಡಿಸಿ ಬೆಂಕಿ ಹಾಕಿದ್ದೆ. ನನಗೆ ಬರ್ಬೇಕಾದ್ದು ಇವಳಿಗೆ ಬಂತು.”

ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡುವುದಾದರೆ ಅದೇ ಹೊತ್ತು. ನಾನೂ ನಾಗನನ್ನು ನಂಬುವವನೇ — ನಂಬಿಕೆ ಇಲ್ಲದವನಾಗಿದ್ದರೆ ಬೇರೆ ಮಾತು. ನಂಬುವವನೇ ನನ್ನ ಕಜ್ಜಿಯನ್ನು ನಾಗನ ತಲೆಗೆ ಕಟ್ಟಿ, ಕೈ ಮುಗಿದು ಎದ್ದುಬಂದೆ.

ಭಾವ ಆ ಜಾಗದ ರಬ್ಬರ್ ಗಿಡಗಳನ್ನೆಲ್ಲ ಕಡಿಸಿದರು. ಹಾಲು ಕೊಡುವ ಹಂತಕ್ಕೆ ಬಂದ ಗಿಡಗಳು. ಬನದ ನಾಗನ ಕಲ್ಲಿಗೆ ಹಾಲೆರೆದು ತಂಬಿಲದ ಪೂಜೆ ಮಾಡಿಸಿದರು. ವಾರಿಜ ನಾಗನ ಕಲ್ಲಿನೆದುರು ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಮನೆಗೆ ಬಂದ ಮೇಲೆ ನನ್ನೆದುರು ಕೈ ಚಾಚಿ, “ಇವೆರಡನ್ನೂ ಒಟ್ಟಿಗೆ ಕಟ್ಟಿಬಿಡಿ, ನಂಗೆ ಕೆರೆದು ಕೆರೆದು ಸಾಕಾಯ್ತು,” ಎಂದಳು. ಅಳಲಿಲ್ಲ. ಕಟ್ಟಿಬಿಡಿ ಎಂದು ಮತ್ತೊಮ್ಮೆ ಹೇಳಿದಳು. ನಾನು ಎದ್ದು ಹೊರಗೆ ಹೋಗಿ ಅತ್ತೆ.

ಮರುದಿನ ಪುತ್ತೂರಿಗೆ ಹೋಗಿ ಇಬ್ಬರಿಗೂ ಸಾಲುವಷ್ಟು ಮುಲಾಮು ತಂದೆ. ಆಗಲೂ ನಿಜ ಹೇಳಲಿಲ್ಲ ನೋಡಿ. ಅದನ್ನು ಬೇರೆ ಬಾಟಲಿಗೆ ತುಂಬಿ, ಪೆರಾಬೆ ಕಡೆಯ ವೈದ್ಯರೊಬ್ಬರು ಕೊಟ್ಟದ್ದು, ಗಂಡ ಹೆಂಡತಿ ಇಬ್ಬರೂ ಹಚ್ಚಿಕೊಳ್ಳಬೇಕಂತೆ ಎಂದೆ. ಕುತ್ತಿಗೆಯಿಂದ ಕಾಲಿನವರೆಗೆ ನಾನೇ ಹಚ್ಚಿದೆ. ಅವಳ ಸೊಂಟದ ಸುತ್ತ ಕೈ ಇಡಲು ಜಾಗವಿರಲಿಲ್ಲ, ಎಲ್ಲ ಗಾಯ. ಅಂಗಡಿಯ ಕೊಪ್ಪರಿಗೆಯಲ್ಲಿ ನೀರು ಕುದಿಸಿ ಮನೆಯ ಬಟ್ಟೆಯೆಲ್ಲ ಅದ್ದಿದೆ. ಜಮಖಾನಗಳನ್ನು ತಿಂಗಳುಗಟ್ಟಲೆ ಹೊರಗೆ ಕೊಡಲಿಲ್ಲ.

ಗುಣವಾಯಿತು. ಆದರೆ ಗುಣವಾದದ್ದು ತಂಬಿಲದ ಬೆನ್ನಿಗೆ. ಹಾಗಾಗಿ ಎಲ್ಲರಿಗೂ ಖಾತ್ರಿಯಾಯಿತು — ಪ್ರಶ್ನೆಯಲ್ಲಿ ಕಂಡದ್ದು ನಿಜ, ತಪ್ಪು ಪದ್ಮನಾಭನದು. ಭಾವ ನನ್ನ ಕೈ ಹಿಡಿದು, “ನಿಮಗೆ ಮುಖ ತೋರಿಸ್ಲಿಕ್ಕೆ ಆಗುದಿಲ್ಲ ಭಾವ,” ಎಂದರು. ನಾನು ದೊಡ್ಡ ಮನಸ್ಸಿನವನ ಹಾಗೆ, ಆದದ್ದು ಆಯಿತು, ಬಿಡಿ ಎಂದೆ. ಇದೆಲ್ಲದರಲ್ಲಿ ನನಗೆ ಅತಿ ಹೆಚ್ಚು ನಾಚಿಕೆ ತರುವ ಮಾತು ಅದು.

ಅಂದಿನಿಂದ, ಅಲ್ಲಿ ಮಲಗಿದರೆ ನಾಗನ ದೋಷ ಮತ್ತೆ ತಾಗೀತೆಂದು ಹೆದರಿ, ವಾರಿಜ ತವರಿನಲ್ಲಿ ಒಂದು ರಾತ್ರಿಯೂ ನಿಲ್ಲಲಿಲ್ಲ. ಹಬ್ಬಕ್ಕೆ ಹೋಗುತ್ತಾಳೆ, ಊಟ ಮಾಡುತ್ತಾಳೆ, ಕತ್ತಲಾಗುವ ಮೊದಲು ಹೊರಡುತ್ತಾಳೆ. ಮಗಳು ಹುಟ್ಟಿದ ಮೇಲಂತೂ ಹೆದರಿಕೆ ಇನ್ನೂ ಹೆಚ್ಚಾಯಿತು. ಮಗುವಿನ ಮೈಮೇಲೂ ಬಂದರೆ ಎಂದು. ಅತ್ತೆ ಹಾಸಿಗೆ ಹಿಡಿದಾಗಲೂ ಹಾಗೇ ಹೋಗಿ ಬರುತ್ತಿದ್ದಳು. ಒಂದು ಸಂಜೆ ಅತ್ತೆ ಅವಳ ಸೆರಗು ಹಿಡಿದುಕೊಂಡರು.

“ಇವತ್ತೊಂದು ದಿನ ನಿಲ್ಲು ಮಗಾ.”

“ನಾಳೆ ಬೆಳಿಗ್ಗೆಯೇ ಬರ್ತೇನೆ ಅಮ್ಮ,” ಎಂದು ವಾರಿಜ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡಳು. ನಾನು ಬಾಗಿಲಲ್ಲಿ ಜೀಪಿನ ಕೀ ಹಿಡಿದು ನಿಂತಿದ್ದೆ. ಬೆಳಿಗ್ಗೆ ಫೋನು ಬಂತು. ಅತ್ತೆ ಹೋಗಿದ್ದರು.

ಇದಾಗಿ ವರ್ಷಗಳು ಕಳೆದವು. ಸುಮ್ಮನೆ ಇದ್ದುಬಿಡುತ್ತಿದ್ದೆನೋ ಏನೋ — ನನ್ನ ಬಗ್ಗೆ ನನಗೆ ಅಷ್ಟೇನೂ ಭರವಸೆ ಇಲ್ಲ. ಮೊನ್ನೆ ಭಾವನ ಮಗಳ ಮದುವೆ. ಶಾಮಿಯಾನ ನನ್ನದೇ. ಹಿಂದಿನ ದಿನ ಏಣಿ ಹತ್ತಿ ಬಟ್ಟೆ ಕಟ್ಟುತ್ತಿದ್ದೆ. ಕೆಳಗೆ ಮದುಮಗಳು ವಾರಿಜಳನ್ನು ಹಿಡಿದು, ಅತ್ತೆ, ಇವತ್ತು ಇಲ್ಲೇ ಇರಿ, ನನ್ನ ಒಟ್ಟಿಗೆ ಮಲಗಿ ಎಂದು ಗೋಗರೆಯುತ್ತಿದ್ದಳು. ಭಾವ ಬಂದು ಮಗಳನ್ನು ಬದಿಗೆ ಕರೆದರು.

“ಒತ್ತಾಯ ಮಾಡ್ಬೇಡ ಮಗಳೇ. ಅತ್ತೆ ನಿಲ್ಲದಿರುದು ನಾನು ಮಾಡಿದ ತಪ್ಪಿಗೆ.”

ಮಗಳೆದುರು, ಅವಳ ಮದುವೆಯ ಚಪ್ಪರದ ಕೆಳಗೆ, ಆ ಮನುಷ್ಯ ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದರು. ನಾನು ಏಣಿಯ ಮೇಲೆಯೇ ನಿಂತು, ಆಗಲೇ ಹಾಕಿದ್ದ ಗಂಟನ್ನು ಮತ್ತೆ ಬಿಗಿದೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ವಾರಿಜಳಿಗೆ ಎಲ್ಲ ಹೇಳಿದೆ. ಗೋದಾಮು, ಮುಲಾಮು, ಸುಳ್ಯದ ಡಾಕ್ಟರರಿಗೆ ಹೇಳಿದ ಮಾತು, ಬೇರೆ ಬಾಟಲಿ — ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ.

“ಅಮ್ಮ ನಿಲ್ಲು ಅಂದಾಗ — ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಒಳಗೆ ಹೋಗಿ ಚೀಲಕ್ಕೆ ಎರಡು ಸೀರೆ ಹಾಕಿಕೊಂಡು ಬಂದಳು. ಜೀಪಿನಲ್ಲಿ ಬಿಡುತ್ತೇನೆ ಎಂದೆ. “ಬೇಡ, ಬಸ್ಸು ಉಂಟು,” ಎಂದಳು. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನನ್ನು ನೋಡದೆಯೇ ಹೇಳಿದಳು: “ಅಣ್ಣನಿಗೆ ನಾನು ಹೇಳುದಿಲ್ಲ. ನೀವೇ ಬಂದು ಹೇಳಿ.”

ರಾತ್ರಿ ಅವಳು ವಾಪಸು ಬರಲಿಲ್ಲ. ಅಮ್ಮ ಮಲಗುತ್ತಿದ್ದ ಕೋಣೆಯಲ್ಲೇ ಮಲಗಿದ್ದಾಳೆಂದು ಭಾವ ಫೋನು ಮಾಡಿ ಹೇಳಿದರು. ಏನೂ ಗೊತ್ತಿಲ್ಲದ ಸಂತೋಷ ಅವರ ದನಿಯಲ್ಲಿತ್ತು. ತಂಗಿ ನಿಂತಳು ಭಾವ, ನಾಗ ಕ್ಷಮಿಸಿದ ಎಂದರು. ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟೆ.

ಈಗ ಹೊರಡುತ್ತಿದ್ದೇನೆ. ನಾನು ಜಗಲಿಯಲ್ಲಿ ಕೂತ ಕೂಡಲೇ ಭಾವ ಎಂದಿನಂತೆ ತಾವೇ ತಟ್ಟೆಯಲ್ಲಿ ಬೆಲ್ಲ, ನೀರು ತಂದು ಮುಂದಿಡುತ್ತಾರೆ. ಅದನ್ನು ಮುಟ್ಟುವ ಮೊದಲು ಹೇಳಬೇಕು. ಹೇಳಿದ ಮೇಲೆ ಅವರು ಆ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರೆ, ಬಾಯಾರಿದವನಾಗಿಯೇ ಎದ್ದು ಬರುತ್ತೇನೆ.