ಹೀಲ್ಸಿನ ಅಳತೆಯ ಪ್ಯಾಂಟು

‘ನಿಮಗೆ ಇಷ್ಟವಾದದ್ದನ್ನು ಹಾಕಿಕೊಂಡು ಬನ್ನಿ’ ಎನ್ನುವವರಷ್ಟು ಕಷ್ಟ ಕೊಡುವವರು ಬೇರೆ ಇಲ್ಲ. ಸೀರೆಯನ್ನೇ ಉಟ್ಟು ಬನ್ನಿ ಎಂದರೆ ಅಕ್ಕನದ್ದನ್ನು ಎರವಲು ತಂದು ಬೈದುಕೊಳ್ಳುತ್ತಲಾದರೂ ಉಡಬಹುದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಹೇಳಿದ್ದೇನೋ ಸರಿ. ಪರರು ತಮ್ಮ ಇಚ್ಛೆಯನ್ನು ಬಾಯಿಬಿಟ್ಟು ಹೇಳದಿದ್ದರೆ ಏನು ಮಾಡಬೇಕೆಂದು ಹೇಳಲು ಮರೆತರು.

ಎರಡು ಸಾವಿರದ ಇಸವಿಯ ಆಚೀಚೆ ಮಣಿಪಾಲದ ಒಂದು ಸಣ್ಣ ಕಂಪೆನಿಯಿಂದ ನನಗೆ ಇಂಟರ್‌ವ್ಯೂಗೆ ಕರೆ ಬಂತು. ಮಕ್ಕಳ ಪಾಠದ ಸಿ.ಡಿ. ತಯಾರಿಸುವವರು. ‘ನಾವೆಲ್ಲ ಕ್ಯಾಶುವಲ್ ಆಗಿಯೇ ಇರ್ತೇವೆ, ನೀವೂ ಹಾಗೇ ಬನ್ನಿ’ ಎಂದರು ಫೋನಿನಲ್ಲಿ. ಬಜಗೋಳಿಯ ನಮ್ಮ ಮನೆಯಲ್ಲಿ ಕ್ಯಾಶುವಲ್ ಎಂದರೆ ನೈಟಿ. ಅದಕ್ಕೂ ಮೊದಲೇ ಎರಡು ಕಡೆ ಬೇಡವೆನಿಸಿಕೊಂಡಿದ್ದೆ. ಇದೂ ತಪ್ಪಿದರೆ ಬಿ.ಎಡ್. ಎಂದು ಟೀಚರಾಗಿದ್ದ ಅಮ್ಮ ತೀರ್ಪು ಕೊಟ್ಟಾಗಿತ್ತು. ಅಮ್ಮನ ತರಗತಿಯಲ್ಲೇ ಕುಳಿತು ಕಲಿತವಳು ನಾನು. ಆ ವೃತ್ತಿಯ ಮೇಲೆ ನನಗೆ ಬಹಳ ಗೌರವ, ದೂರದಿಂದ.

ಕೈಯಲ್ಲಿದ್ದ ಹಣ ಕಡಿಮೆ, ನಾನೂ ಗಿಡ್ಡ. ಆಗ ಪ್ಯಾರಲಲ್ ಪ್ಯಾಂಟಿನ ಕಾಲ. ಒಂದೊಂದು ಕಾಲಿನೊಳಗೆ ಒಂದೊಂದು ಸಂಸಾರ ಹೂಡಬಹುದಾದಷ್ಟು ಅಗಲ. ಅಗ್ಗದ ಬಟ್ಟೆಯನ್ನು ಎತ್ತರದವರು ತೊಟ್ಟರೆ ಫ್ಯಾಷನ್, ಗಿಡ್ಡಗಿದ್ದವರು ತೊಟ್ಟರೆ ಅಗ್ಗದ ಬಟ್ಟೆ ಎಂಬುದು ನನ್ನ ಸಿದ್ಧಾಂತ. ಹಾಗಾಗಿ ಕಾರ್ಕಳದಲ್ಲಿ ಒಂದು ಕಟ್‌ಪೀಸ್ ತೆಗೆದು, ಉಳಿದದ್ದನ್ನೆಲ್ಲ ಹೀಲ್ಸ್ ಚಪ್ಪಲಿಗೆ ಸುರಿದೆ. ಅಲ್ಲಿನ ಟೈಲರ್ ಸುಧಾಕರಣ್ಣ ನನ್ನನ್ನು ಹೀಲ್ಸಿನ ಮೇಲೆ ನಿಲ್ಲಿಸಿಯೇ ಪ್ಯಾಂಟಿನ ಅಳತೆ ತೆಗೆದರು. ‘ಹೀಲ್ಸ್ ಕಾಣ್ಲಿಕ್ಕಿಲ್ಲ, ಎತ್ತರ ಮಾತ್ರ ಕಾಣ್ಬೇಕು, ಅಲ್ವಾ?’ ಎಂದರು. ಎಷ್ಟು ಅರ್ಥಮಾಡಿಕೊಂಡರಲ್ಲ ಎಂದು ಹೃದಯ ತುಂಬಿ ಬಂತು.

ಮಣಿಪಾಲದ ಆ ಆಫೀಸಿನ ಬಾಗಿಲ ಬಳಿ ಚಪ್ಪಲಿಗಳ ರಾಶಿಯೇ ಬಿದ್ದಿತ್ತು. ನಮ್ಮ ಊರಿನವರಿಗೆ ನಾಲ್ಕು ಜೊತೆ ಚಪ್ಪಲಿ ಒಟ್ಟಿಗೆ ಕಂಡರೆ ಸಾಕು, ಕಾಲು ಯಾರ ಅಪ್ಪಣೆಗೂ ಕಾಯುವುದಿಲ್ಲ. ಮನೆ, ದೇವಸ್ಥಾನ, ಡಾಕ್ಟರರ ಕೋಣೆ, ಜವಳಿ ಅಂಗಡಿ, ಎಲ್ಲ ಕಡೆಯೂ ಬರಿಗಾಲೇ. ಎಟಿಎಂ ಬಂದ ಹೊಸತರಲ್ಲಿ ಅದರ ಹೊರಗೂ ಚಪ್ಪಲಿ ಬಿಟ್ಟು, ಭಕ್ತಿಯಿಂದ ಒಳಹೊಕ್ಕವರನ್ನು ಕಂಡಿದ್ದೇನೆ. ನನ್ನ ತಲೆ ಪ್ರಶ್ನೋತ್ತರದಲ್ಲಿತ್ತು, ಕಾಲು ಸಂಸ್ಕಾರದಲ್ಲಿತ್ತು. ಕಳಚಿಟ್ಟು ಒಳಗೆ ಹೋದೆ.

ಎರಡು ಹೆಜ್ಜೆಗೆ ಪ್ಯಾಂಟು ನೆಲ ಗುಡಿಸತೊಡಗಿತು. ಮೂರನೆಯದಕ್ಕೆ ಎಡವಿದೆ. ಫೈಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಪ್ಯಾಂಟು ಎತ್ತಿ ಹಿಡಿದು, ತೋಡಿನ ನೀರು ದಾಟುವವಳ ಹಾಗೆ ಮೇಜಿನ ಬಳಿ ತಲುಪಿದೆ. ಬರ್ಮುಡಾ ಚಡ್ಡಿ, ಟಿ-ಶರ್ಟ್, ಕಾಲಿಗೆ ದಪ್ಪ ಶೂ ತೊಟ್ಟಿದ್ದ ಯಜಮಾನರು ಎದ್ದು ಕೈ ಚಾಚಿದರು. ಕುಲುಕಲು ನನ್ನ ಕೈ ಖಾಲಿ ಇರಲಿಲ್ಲ.

‘ಚಪ್ಪಲಿ ಯಾಕೆ ಬಿಟ್ರಿ?’ ಎಂದರು.

‘ಹೊರಗೆ ಎಲ್ರದ್ದೂ ಉಂಟಲ್ಲ ಸರ್?’

‘ಅದು ಪಕ್ಕದ ಹಲ್ಲಿನ ಡಾಕ್ಟ್ರ ಪೇಶೆಂಟುಗಳದ್ದು ಮಾರಾಯ್ರೆ!’

ಇಡೀ ಆಫೀಸು ನಕ್ಕಿತು. ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಹೊರಬಿತ್ತು. ‘ಒಂದು ನಿಮಿಷ ಸರ್’ ಎಂದು ಬಗ್ಗಿ, ಪ್ಯಾಂಟಿನ ಎರಡೂ ಕಾಲುಗಳನ್ನು ಗದ್ದೆಗಿಳಿಯುವವರಂತೆ ಮೇಲಕ್ಕೆ ಮಡಚಿ, ಕುರ್ಚಿ ಎಳೆದು ಕುಳಿತೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ ಹೆದರಿಕೆಯೂ ಹೋಗಿತ್ತು.

‘ಕೆಲಸದ ಮಧ್ಯೆ ಎಡವಟ್ಟಾದ್ರೆ ಎಂತ ಮಾಡ್ತೀರಿ?’ ಎಂದು ಕೇಳಿದರು.

‘ಈಗ ಮಾಡಿದ್ದನ್ನೇ ಸರ್’ ಎಂದೆ.

ಅವರು ನಕ್ಕ ರೀತಿ ಈ ಸಲ ಬೇರೆಯಿತ್ತು. ಸೋಮವಾರದಿಂದ ಬನ್ನಿ ಎಂದರು.

ಸಂತೋಷಕ್ಕೆ ನೆಲ ಕಾಣದೆ, ಎದುರಿನ ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಫೋನ್ ಮಾಡಿದೆ. ‘ಕೆಲಸ ಸಿಕ್ಕಿತು ಅಮ್ಮಾ!’

‘ಒಳ್ಳೇದಾಯ್ತು. ಸಂಬಳ ಎಷ್ಟಂತೆ?’

‘ಅದನ್ನು ಕೇಳ್ಲಿಕ್ಕೆ ಮರ್ತೇ ಹೋಯ್ತು.’

‘ಪ್ಯಾಂಟಿನ ಉದ್ದ ಕೇಳ್ಲಿಕ್ಕೆ ನಾಲ್ಕು ಸಲ ಕಾರ್ಕಳಕ್ಕೆ ಹೋದಿ’ ಎಂದಳು ಅಮ್ಮ, ‘ಸಂಬಳದ ಉದ್ದ ಕೇಳ್ಲಿಕ್ಕೆ ಬಾಯಿ ಬರ್ಲಿಲ್ವಾ ಮಾರಾಯ್ತಿ?’