ಸೋಮವಾರದ ಶಬ್ದ

ನಮ್ಮ ಯಜಮಾನರು ಸರಕಾರಿ ವಾಯರ್‌ಲೆಸ್ ಇಂಜಿನಿಯರು. ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರುಗಳ ಸೆಟ್ಟುಗಳು ಅವರ ಕೈಯಲ್ಲಿದ್ದವು. ಆಗ ಜೋಳವನ್ನು ಜಿಲ್ಲೆಯಾಚೆ ಸಾಗಿಸುವಂತಿರಲಿಲ್ಲ. ಸೊಲ್ಲಾಪುರದ ಕಡೆ ಹೊರಟ ಲಾರಿಗಳನ್ನು ತಡೆಯಲು ದಾರಿಗೆ ಗೇಟುಗಳಿದ್ದವು, ಗೇಟಿನವರಿಗೆ ಸುದ್ದಿ ಮುಟ್ಟಿಸಲು ವಾಯರ್‌ಲೆಸ್ ಇತ್ತು. ನಾವಿದ್ದದ್ದು ಬಾಗೇವಾಡಿಯ ಕ್ವಾರ್ಟರ್ಸಿನಲ್ಲಿ. ಮನೆಯ ಹೊರಕೋಣೆಯೇ ಕಂಟ್ರೋಲ್ ರೂಮ್. ಎದುರಿನ ಬೇವಿನ ಮರದ ಕೆಳಗೆ ಇಲಾಖೆಯ ಜೀಪು ನಿಂತಿರುತ್ತಿತ್ತು.

ಒಂದು ಮಧ್ಯಾಹ್ನ ಇಂಡಿಯ ಸೆಟ್ಟಿನಲ್ಲಿ ಸಿಂದಗಿ ಆಪರೇಟರನ ದನಿ ಕೇಳಿಸಿತು: ಮೋರಟಗಿ ಹತ್ತಿರ ಸಾಹೇಬರ ಗಾಡಿ ಉರುಳಿದೆ, ಇದ್ದ ಜೀಪು ತೆಗೆದುಕೊಂಡು ಎಲ್ಲರೂ ಓಡಿ ಬನ್ನಿ. ಗೇಟಿನವರೆಲ್ಲ ಓಡಿದರು. ಅಲ್ಲಿ ಯಾವ ಗಾಡಿಯೂ ಉರುಳಿರಲಿಲ್ಲ. ಸಿಂದಗಿಯ ಆಪರೇಟರ್ ಆ ಹೊತ್ತಿಗೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ. ಇತ್ತ ಇಂಡಿಯ ಗೇಟು ದಾಟಿ ಜೋಳದ ಲಾರಿಗಳು ಹೋಗಿಬಿಟ್ಟಿದ್ದವು. ಯಾರೋ ಸ್ವಂತ ಸೆಟ್ಟು ಕಟ್ಟಿಕೊಂಡು ದಿನವೂ ನಮ್ಮ ಮಾತು ಕೇಳಿ ದನಿಯನ್ನೂ ಕಲಿತಿದ್ದರು.

ಅಂದಿನಿಂದ ಯಜಮಾನರ ರಿಸರ್ಚ್ ಶುರುವಾಯಿತು. ದಪ್ಪ ನೋಟ್‌ಬುಕ್ಕಿನಲ್ಲಿ ಗಾಳಿಯ ಕಳ್ಳತನದ ಬಗೆಗಳನ್ನೆಲ್ಲ ಬರೆದರು. ಕದ್ದು ಕೇಳುವುದು ಒಂದು, ದನಿ ಅನುಕರಿಸುವುದು ಇನ್ನೊಂದು. ಅವರು ಬಹಳ ಹೆದರಿದ್ದು ಮೂರನೆಯದಕ್ಕೆ: ನಿನ್ನೆ ಕೇಳಿಸಿಕೊಂಡ ಗುಟ್ಟಿನ ಶಬ್ದವನ್ನು ಇವತ್ತು ಸೆಟ್ಟಿನಲ್ಲಿ ಹಾಗೇ ಊದಿಬಿಡುವುದು. ಇದಕ್ಕೆಲ್ಲ ಅವರು ಕಂಡುಕೊಂಡ ಡಿಫೆನ್ಸ್ ಸರಳವಾಗಿತ್ತು. ವಾರಕ್ಕೊಂದು, ಎಂದರೆ ಸೋಮವಾರಕ್ಕೊಂದು, ಮಂಗಳವಾರಕ್ಕೊಂದು ಶಬ್ದ. ಕರೆದವನು ಅದನ್ನು ಹೇಳಬೇಕು. ಎರಡು ಸಲ ತಪ್ಪಿದರೆ ಈ ಕಡೆಯವರು ಬಾಯಿ ಮುಚ್ಚಿಕೊಂಡಿರಬೇಕು, ಏಕೆಂದರೆ ಉತ್ತರ ಕೊಟ್ಟಷ್ಟೂ ಕಳ್ಳ ಕಲಿಯುತ್ತಾನೆ. ಆ ರಿಪೋರ್ಟಿನ ಇಂಗ್ಲಿಷ್ ತಿದ್ದಿದವಳು ನಾನು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಕಾಂಪೊಸಿಷನ್ನು ಎಂಬ ಜಂಬ ನನಗೆ.

ಶಬ್ದ ಆರಿಸುವ ಕೆಲಸವೂ ನನ್ನದೇ. ಮೊದಲ ವಾರ ಡ್ಯಾಫೋಡಿಲ್, ಲೈಲಾಕ್, ಪ್ರಿಮ್‌ರೋಸ್ ಎಂದು ಇಂಗ್ಲಿಷ್ ಹೂಗಳ ಹೆಸರು ಬರೆದೆ. ಆಪರೇಟರುಗಳು ತಡವರಿಸುವುದನ್ನು ಗೋಡೆಯಾಚೆಯಿಂದ ಕೇಳಿ ನಕ್ಕೆ. ಯಜಮಾನರು ಬಾಗೇವಾಡಿಯ ಆಪರೇಟರ್ ಎದುರಿಗೇ ಹೇಳಿದರು: "ನಿನ್ನ ಕಾನ್ವೆಂಟ್ ಇಲ್ಲಿ ನಡಿಯೂದಿಲ್ಲ. ಅಡಗಿಮನ್ಯಾಗಿನ ಶಬ್ದ ಬರಿ. ಅಷ್ಟರೆ ಬರ್ತೈತಿಲ್ಲೋ ನಿನಗ?" ಆಮೇಲೆ ಬಹಳ ದಿನ ಊಟಕ್ಕೆ ಕೂತಾಗೆಲ್ಲ "ಪ್ರಿಮ್‌ರೋಸ್ ಪಲ್ಯ ಮಾಡೀಯೇನ?" ಎಂದು ಕೇಳುತ್ತಿದ್ದರು. ಬದನೆಕಾಯಿ, ಚರಿಗೆ, ಜರಡಿ ಎಂದು ಬರೆಯತೊಡಗಿದೆ. ಪ್ರತಿ ವಾರ ನಾಲ್ಕು ಹಾಳೆ. ಮೂರು ಹಾಳೆಗಳು ಸೀಲಾಗಿ ಬಸ್ಸಿನಲ್ಲಿ ಹೋಗುತ್ತಿದ್ದವು. ನಮ್ಮದು ನನ್ನ ಟ್ರಂಕಿನಲ್ಲಿ ಇರುತ್ತಿತ್ತು, ಆಪರೇಟರ್ ಕೈಗೆ ಕೊಡುವಷ್ಟು ನಂಬಿಕೆ ಯಜಮಾನರಿಗಿರಲಿಲ್ಲ. ಮುಗಿದ ವಾರದ ಹಾಳೆಗಳು ತಿರುಗಿ ಬರುತ್ತಿದ್ದವು. ಆಪರೇಟರ್ ನನ್ನ ಎದುರಿಗೆ ಅವನ್ನು ಬಚ್ಚಲ ಒಲೆಗೆ ಹಾಕಿ ಸುಡಬೇಕಿತ್ತು.

ನಮ್ಮ ಬಾಗೇವಾಡಿಯ ಆಪರೇಟರ್ ವಯಸ್ಸಾದವರು, ಮೆತ್ತಗಿನ ಮನುಷ್ಯ. ಅವರ ಒಬ್ಬಳೇ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೋಗಿದ್ದಳು, ಎರಡನೆಯದಕ್ಕೆ ಗಂಡನ ಮನೆಯಲ್ಲೇ ಇದ್ದಳು. ಮುದ್ದೇಬಿಹಾಳದ ಆಪರೇಟರ್ ಇವರ ಗೆಳೆಯ. ಮೊದಲೆಲ್ಲ ಸೆಟ್ಟಿನಲ್ಲಿ "ಅಣ್ಣಾ, ಊಟ ಆತೇನು? ಮಗಳು ಆರಾಮ ಅದಾಳ" ಎಂದು ಹೇಳುತ್ತಿದ್ದ. ಯಜಮಾನರು ಅದನ್ನೂ ನಿಲ್ಲಿಸಿದರು. "ಇದೇನ ಹರಟಿ ಕಟ್ಟೀನ?"

ಅದು ಮಂಗಳವಾರ. ಮಾಮೂಲಾಗಿ ಎಲ್ಲ ಸೆಟ್ಟುಗಳೂ ಬೆಳಿಗ್ಗೆ ಏಳಕ್ಕೆ ತೆರೆಯುತ್ತಿದ್ದವು. ಕಳ್ಳತನವಾದ ಮೇಲೆ ಕಂಟ್ರೋಲ್ ಮಾತ್ರ ಐದಕ್ಕೇ ಕಿವಿಗೊಟ್ಟು ಕೂರಬೇಕಿತ್ತು. ಆಕಾಶದಲ್ಲಿ ಇನ್ನೂ ಚುಕ್ಕಿಗಳಿದ್ದವು, ಆಪರೇಟರ್ ಬಾಗಿಲು ಬಡಿದರು.

"ಬಾಯಾರ, ಹಾಳಿ ತರ್ರಿ. ಮುದ್ದೇಬಿಹಾಳ ಮಾತಾಡಾಕತ್ತೈತಿ."

ಟ್ರಂಕು ತೆರೆದು ಹಾಳೆ ಹಿಡಿದು ಹೋದೆ. ಹಿಂದೆಯೇ ಯಜಮಾನರು ಬಂದರು. ಸೆಟ್ಟಿನ ದನಿ ಏದುಸಿರು ಬಿಡುತ್ತಿತ್ತು.

"ಅಣ್ಣಾ, ನಿನ್ನ ಮಗಳು ಹಡದಾಳ, ರಕ್ತ ನಿಲ್ಲವಲ್ದು. ಬಿಜಾಪುರಕ್ಕ ಒಯ್ರಿ ಅಂತಾರ ಡಾಕ್ಟರ್. ಇಲ್ಲಿ ಒಂದೂ ಗಾಡಿ ಇಲ್ಲ, ಫೋನಿನ ತಂತಿ ಹರದೈತಿ. ಜೀಪ್ ಕಳಸು. ಓವರ್."

"ಶಬ್ದ ಹೇಳೋ," ಎಂದರು ಆಪರೇಟರ್.

"ಬದನಿಕಾಯಿ."

ಹಾಳೆ ನೋಡಿದೆ. ಮಂಗಳವಾರಕ್ಕೆ ಚರಿಗೆ ಇತ್ತು. ಬದನೆಕಾಯಿ ಮೇಲಿನ ಸಾಲಿನಲ್ಲಿತ್ತು. "ಅದು ನಿನ್ನೀದು," ಎಂದೆ.

"ಕೇಳಿದ್ಯಾ? ನಿನ್ನಿ ಹಿಡದದ್ದ ಇವತ್ತ ಊದಾಕತ್ತಾನ. ನಾ ಬರದಿದ್ದಿಲ್ಲೇನ? ಮತ್ತ ಜೀಪನ ಕೇಳಾಕತ್ತಾನ ನೋಡು," ಎಂದರು ಯಜಮಾನರು. ಅವರ ದನಿಯಲ್ಲಿ ಸಂತೋಷವಿತ್ತು. ನೋಟ್‌ಬುಕ್ಕಿನಲ್ಲಿ ಬರೆದದ್ದು ಕಣ್ಣೆದುರು ನಡೆಯುತ್ತಿತ್ತಲ್ಲ.

ಆಪರೇಟರ್ ಇನ್ನೊಮ್ಮೆ ಕೇಳಿದರು. "ಬದನಿಕಾಯಿ, ಅಣ್ಣಾ, ಬದನಿಕಾಯಿ," ಎಂದು ಆ ಮನುಷ್ಯ ಅಷ್ಟು ದೂರದಿಂದ ತರಕಾರಿಯ ಹೆಸರು ಹಿಡಿದು ಅಂಗಲಾಚುತ್ತಿದ್ದ.

"ಸಾಹೇಬ್ರ, ಹೊತ್ತು ಹುಟ್ಟಿಲ್ಲಲ್ರಿ ಇನ್ನಾ. ಇದು ಸೋಮವಾರನ. ನಮ್ಮ ಕಡೆ ಹೊತ್ತು ಹುಟ್ಟಿದ ಮ್ಯಾಲ ವಾರ ತಿರಗೂದು," ಎಂದರು ಆಪರೇಟರ್.

"ನಿನ್ನ ಪಂಚಾಂಗ ಮನ್ಯಾಗ ಇಡು. ಗವರ್ಮೆಂಟಿನ ವಾರ ರಾತ್ರಿ ಹನ್ನೆರಡಕ್ಕ ತಿರಗತೈತಿ."

ಆಪರೇಟರ್ ನನ್ನ ಕಡೆ ತಿರುಗಿದರು. "ಬಾಯಾರ, ಅವಂಗ ಕಳಿಸಿದ ಹಾಳ್ಯಾಗ ಹನ್ನೆರಡಕ್ಕ ಅಂತ ಬರದೀರೇನ್ರಿ?"

ಬರೆದಿರಲಿಲ್ಲ. ವಾರ ಬೇರೆ ಹೊತ್ತಿಗೂ ಬದಲಾಗಬಹುದೆಂಬುದು ನನ್ನ ಕಾನ್ವೆಂಟ್ ತಲೆಗೆ ಹೊಳೆದೇ ಇರಲಿಲ್ಲ. ಇಲ್ಲ ಎಂದಿದ್ದರೆ ಜೀಪು ಹೊರಡುತ್ತಿತ್ತು, ಅಷ್ಟು ನನಗೆ ಗೊತ್ತಿತ್ತು. ಆದರೆ ಯಜಮಾನರು ಆಗಲೇ ನನ್ನನ್ನು ನೋಡುತ್ತಿದ್ದರು. ಪ್ರಿಮ್‌ರೋಸ್ ಪಲ್ಯದ ಆ ನಗು ಅವರ ತುಟಿಯ ಅಂಚಿಗೆ ಬಂದು ಕಾಯುತ್ತಿತ್ತು.

"ಬರದೇನಿ," ಎಂದೆ.

ಆಮೇಲೆ ರೂಲಿನಂತೆ ಯಾರೂ ಮಾತಾಡಲಿಲ್ಲ. ಉತ್ತರ ಕೊಡಬಾರದಿತ್ತು, ಕೇಳಬಾರದೆಂದೇನೂ ಇರಲಿಲ್ಲ. ಕೇಳಿದೆವು. "ಅಣ್ಣಾ, ಕೇಳಸ್ತೈತೇನ? ಓವರ್." ಸ್ವಲ್ಪ ತಡೆದು ಮತ್ತೆ ಅದೇ ಮಾತು. ಆಪರೇಟರ್ ಒಮ್ಮೆ ಎದ್ದು ಜೀಪನ್ನು ನೋಡಿದರು. ಕೀಲಿ ಯಜಮಾನರ ಕಿಸೆಯಲ್ಲಿತ್ತು, ಮೊದಲ ಬಸ್ಸು ಏಳಕ್ಕೆ. ಮತ್ತೆ ಕೂತು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡರು. ಬರಬರುತ್ತಾ ಸೆಟ್ಟು ಸುಮ್ಮನಾಯಿತು.

ಬೇವಿನ ಮರದ ಹಿಂದೆ ಬಿಸಿಲು ಬಿದ್ದಾಗ ಸೆಟ್ಟು ಮತ್ತೆ ಮಾತಾಡಿತು. ಈಗ ದನಿಗೆ ಅವಸರವಿರಲಿಲ್ಲ.

"ಬಾಗೇವಾಡಿ, ಹೊತ್ತು ಹುಟ್ಟೇತಿ. ಚರಿಗಿ. ಜೀಪ್ ಬ್ಯಾಡ. ಕೂಸು ಐತಿ, ಮಗಳು ಹೋದ್ಲು. ಓವರ್."

"ಶಬ್ದ ಕರೆಕ್ಟ್ ಐತೇನ?" ಯಜಮಾನರು ಕೇಳಿದರು.

"ಕರೆಕ್ಟ್," ಎಂದೆ.

ಶಬ್ದ ಸರಿಯಿದ್ದರೆ ಉತ್ತರ ಕೊಡಲೇಬೇಕು, ಅದೂ ರೂಲು. ಆಪರೇಟರ್ ಬಟನ್ ಒತ್ತಿದರು. "ಬಾಗೇವಾಡಿ. ಸುದ್ದಿ ಮುಟ್ಟಿತು. ಓವರ್."

ರಿಪೋರ್ಟಿಗೆ ಒಂದು ಸಾಲು ಸೇರಿತು: ವ್ಯವಸ್ಥೆ ಅಂದುಕೊಂಡಂತೆಯೇ ಕೆಲಸ ಮಾಡಿದೆ, ಒಂದು ನಿಜವಾದ ಸಂದೇಶ ಮಾತ್ರ ತಡೆಯಲ್ಪಟ್ಟಿದೆ. ನಾನು ಮೊದಲಿಗೆ "ರಿಗ್ರೆಟ್" ಎಂದು ಸೇರಿಸಿದ್ದೆ. ಯಜಮಾನರು ಹೊಡೆದುಹಾಕಿದರು. ಗಾಳಿಗಳ್ಳರು ಕೊನೆಗೂ ಸಿಗಲಿಲ್ಲ.

ಸೂತಕ ಕಳೆದು ಆಪರೇಟರ್ ಕೆಲಸಕ್ಕೆ ಬಂದಾಗ ಎರಡು ವಾರದ ಹಾಳೆಗಳು ಸುಡಲು ಕಾದಿದ್ದವು. ಅವರು ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತಿದ್ದೆ. ಇಂಡಿಯದನ್ನು ಹಾಕಿದರು, ಸಿಂದಗಿಯದನ್ನು ಹಾಕಿದರು. ಮುದ್ದೇಬಿಹಾಳದ, ಮಗಳು ಹೋದ ವಾರದ ಹಾಳೆ ಕೈಗೆ ಬಂದಾಗ ತಡೆದರು. ಮೇಲಿನಿಂದ ಕೆಳಗಿನವರೆಗೆ ಓದಿದರು. ಹಿಂದು ತಿರುಗಿಸಿದರು. ಖಾಲಿ. ಮತ್ತೆ ಮುಂದು ತಿರುಗಿಸಿ, ನನ್ನ ದುಂಡು ಅಕ್ಷರದ ಸೋಮವಾರದ ಮೇಲೆ, ಮಂಗಳವಾರದ ಮೇಲೆ ಬೆರಳಾಡಿಸಿದರು.

ಆಮೇಲೆ ಅದನ್ನೂ ಒಲೆಗೆ ಹಾಕಿದರು. ಪೂರ್ತಿ ಉರಿಯುವವರೆಗೆ ಕಾದು ಎದ್ದು ನಿಂತರು. ನನ್ನ ಮುಖ ನೋಡಲಿಲ್ಲ.

"ಬಾಯಾರ, ಮುಂದಿನ ವಾರದ್ದು ಬರದೀರೇನ್ರಿ?"

ಮುಂದಿನ ವಾರದ ನಾಲ್ಕೂ ಹಾಳೆಗಳಲ್ಲಿ, ವಾರ ರಾತ್ರಿ ಹನ್ನೆರಡಕ್ಕೆ ಬದಲಾಗುತ್ತದೆ ಎಂದು ಕೆಂಪು ಇಂಕಿನಲ್ಲಿ ಎರಡೂ ಭಾಷೆಯಲ್ಲಿ ಬರೆದಿದ್ದೆ.

"ಬರದೇನಿ," ಎಂದೆ.

ಅವರು ಹಾಳೆ ನೋಡಲು ಕೈಚಾಚಿದರು.